ಕೊಂಡಿ ಹಾಕಲು ನನ್ನನ್ನು ಕರೆಯದ ವರ್ಷ

ಹೋದ ತಿಂಗಳು ಒಂದು ತೊಟ್ಟಿಲ ಕಾರ್ಯಕ್ಕೆಂದು ಇಳಕಲ್ಲಿಗೆ ಹೋಗಿದ್ದೆ. ಬಸ್ ಸ್ಟ್ಯಾಂಡಿನಿಂದ ಆಟೋ ಮಾಡಬಹುದಿತ್ತು. ಮಾಡಲಿಲ್ಲ, ಹಳೆಯ ಓಣಿಯೊಳಗಿಂದಲೇ ನಡೆದೆ. ಒಂದು ತಿರುವಿನಲ್ಲಿ ಯಾರೋ ಸೀರೆಯ ಉದ್ದೆಳೆಗಳನ್ನು, ಅಂದರೆ ನೂಲಿನ ಹಾಸನ್ನು, ಬಿಗಿದು ಗಂಜಿ ಹಚ್ಚುತ್ತಿದ್ದರು. ಹಸಿ ನೂಲು, ಹುಳಿಯೇರಿದ ಗಂಜಿ, ಬಣ್ಣದ ನೀರು ಎಲ್ಲ ಕೂಡಿದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಹೊಟ್ಟೆಯೊಳಗೆ ಹಳೆಯ ಉರಿ ಎದ್ದು ಕೂತಿತು. ಬೇರೆ ಹೆಂಗಸರಿಗೆ ಅತ್ತೆಮನೆಯ ಓಣಿ ಕಂಡರೆ ಕಣ್ಣು ತುಂಬುತ್ತದಂತೆ. ನನಗೆ ಬಂದದ್ದು ಹೊಟ್ಟೆಕಿಚ್ಚು. ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದರಂತೆ ಅನ್ನುತ್ತಾರೆ. ಒದೆಯುವವರು ಈಗ ಯಾರೂ ಉಳಿದಿಲ್ಲ, ಆದ್ದರಿಂದ ಹೇಳಿಬಿಡುತ್ತೇನೆ.

ನಾನು ಇತಿಹಾಸ ಕಲಿಸುವವಳು. ಈಗ ನಮ್ಮ ಮನೆ ಬಾಗಲಕೋಟೆಯ ವಿದ್ಯಾಗಿರಿಯಲ್ಲಿ. ಅದಕ್ಕೆ ಮೊದಲು ಇಪ್ಪತ್ತು ವರ್ಷಕ್ಕೂ ಮೇಲೆ ಇಳಕಲ್ಲಿನ ಆ ಓಣಿಯಲ್ಲೇ ಇದ್ದೆ. ಬೆಳಿಗ್ಗೆ ಬಸ್ಸು ಹತ್ತಿ ಹುನಗುಂದದ ಕಾಲೇಜಿಗೆ ಹೋಗುವುದು, ಸಂಜೆ ಬಸ್ಸಿಳಿದು ಬರುವುದು. ಗಂಡ ಮಹಾಂತೇಶ ಒಂದು ಗ್ರಾನೈಟ್ ಕಾರ್ಖಾನೆಯ ಆಫೀಸಿನಲ್ಲಿದ್ದರು. ಅವರು ಮನೆಯಲ್ಲಿ ದನಿ ಎತ್ತಿದ್ದನ್ನು ನಾನು ಕೇಳಿಲ್ಲ, ಎತ್ತುವ ಅವಕಾಶವೂ ಇರಲಿಲ್ಲ. ಮನೆ ನಡೆಯುತ್ತಿದ್ದದ್ದು ನನ್ನ ಅತ್ತೆ ಗುರುಶಾಂತವ್ವನವರ ಮಾತಿನ ಮೇಲೆ. ಅತ್ತೆ ಮಗ್ಗದ ಮನೆತನದಲ್ಲಿ ಹುಟ್ಟಿ ಮಗ್ಗದ ಮನೆತನಕ್ಕೇ ಬಂದವರು. ಮಾವ ತೀರಿಕೊಂಡ ಮೇಲೂ ಹಿಂದಿನ ಕೋಣೆಯ ಮಗ್ಗವನ್ನು ನಿಲ್ಲಿಸಿರಲಿಲ್ಲ.

ಅವರ ಕಾಯಿದೆಗಳು ಸರಳವಾಗಿದ್ದವು. ಬಸ್ಸಿಳಿದು ಓಣಿಗೆ ಕಾಲಿಡುವಾಗ ನನ್ನ ಸೆರಗು ತಲೆಯ ಮೇಲೆ ಬಂದಿರಬೇಕು. ಕೂದಲಿನ ತುದಿ ಒಡೆದಿದ್ದರೂ ಕತ್ತರಿ ತಾಗಬಾರದು. ಒಂದು ಸಲ ಸ್ಕೂಟಿ ಕೊಳ್ಳುತ್ತೇನೆಂದು ಬಾಯಿಬಿಟ್ಟಿದ್ದಕ್ಕೆ, ನಮ್ಮ ಮನಿ ಸೊಸಿ ಓಣ್ಯಾಗ ಗಾಡಿ ಹೊಡಕೋತ ಬಂದ್ರ ಮಂದಿ ಏನಂದಾರು ಎಂದು ಕೇಳಿ, ಆಮೇಲೆ ವಾರಗಟ್ಟಲೆ ಮಾತು ಬಿಟ್ಟಿದ್ದರು. ನಾನೂ ಹೋಗಲಿ ಬಿಡು ಎಂದು ಎಲ್ಲ ಒಪ್ಪಿಕೊಂಡಿದ್ದೆ. ನೌಕರಿಗೆ ಬೇಡ ಅನ್ನಲಿಲ್ಲವಲ್ಲ, ಅಷ್ಟು ಸಾಕು ಅಂದುಕೊಂಡಿದ್ದೆ.

ಒಂದನ್ನು ಮಾತ್ರ ಒಪ್ಪಿಕೊಳ್ಳಲು ಆಗಿರಲಿಲ್ಲ. ಅದು ಕೊಂಡಿ. ಇಳಕಲ್ ಸೀರೆ ನೋಡಿದವರಿಗೆ ಗೊತ್ತು, ಮೈಯ ಬಣ್ಣ ಯಾವುದೇ ಇರಲಿ, ಸೆರಗು ಕೆಂಪು ರೇಷ್ಮೆಯದು. ಮೈಗೆ ಬೇರೆ ಹಾಸು, ಸೆರಗಿಗೆ ಬೇರೆ ಹಾಸು. ಆ ಎರಡನ್ನೂ ಎಳೆಗೆ ಎಳೆ ಸಿಕ್ಕಿಸಿ ಕೂಡಿಸಬೇಕು. ಅದೇ ಕೊಂಡಿ ಹಾಕುವುದು. ನಮ್ಮ ಮನೆಯ ಪದ್ಧತಿಯಲ್ಲಿ ಇಬ್ಬರು ಹೆಂಗಸರು ಎದುರುಬದುರು ಮಣೆ ಹಾಕಿಕೊಂಡು ಕೂತು ಈ ಕೆಲಸ ಮಾಡುತ್ತಿದ್ದರು. ಅತ್ತೆಯ ಎದುರು ಅವರ ನಾದಿನಿ ನೀಲವ್ವ ಕೂರುತ್ತಿದ್ದರು. ಮದುವೆಯಾದ ಹೊಸದರಲ್ಲಿ ನಾನೂ ಒಂದು ದಿನ ಪಕ್ಕಕ್ಕೆ ಹೋಗಿ ಕೂತೆ. ಅತ್ತೆ ತಲೆ ಎತ್ತದೆ, ಒಲಿ ಮ್ಯಾಲ ಹಾಲ ಐತಿ ನೋಡು ಎಂದರು. ಹಾಲು ಇರಲಿಲ್ಲ. ಆಮೇಲೆ ಹಲವು ವರ್ಷ ಹಲವು ರೀತಿಯಲ್ಲಿ ನನ್ನನ್ನು ಎಬ್ಬಿಸಿ ಕಳಿಸಿದರು. ಬಂದ ಬೀಗರು ಸೊಸಿಗೆ ಕೊಂಡಿ ಬರ್ತದೇನ್ರಿ ಎಂದು ಕೇಳಿದರೆ, ಆಕಿಗೆ ಇಂಗ್ಲೀಷ ಬರ್ತದ ಅನ್ನುತ್ತಿದ್ದರು. ಎಲ್ಲರೂ ನಗುತ್ತಿದ್ದರು. ನಾನು ಚಹಾದ ತಟ್ಟೆ ಹಿಡಿದುಕೊಂಡು ನಿಂತು ನಗುತ್ತಿದ್ದೆ. ನಮ್ಮ ಓಣಿಯಲ್ಲಿ ಹೆಣ್ಣು ಆ ಮನೆಯವಳಾದಳು ಎಂದು ಲೆಕ್ಕಕ್ಕೆ ಬರುವುದು ಹೆತ್ತಾಗಲ್ಲ, ಆ ಮಣೆಯ ಮೇಲೆ ಕೂತಾಗ.

ಇಂಥ ಮನೆಯ ಮಾಳಿಗೆಯ ಕೋಣೆಗೆ ಒಂದು ವರ್ಷ ಜೂನಿನಲ್ಲಿ ಮೇಘನಾ ಬಾಡಿಗೆಗೆ ಬಂದಳು. ಮೈಸೂರು ಕಡೆಯ ಹುಡುಗಿ. ನಮ್ಮ ಕಾಲೇಜಿಗೇ ಇತಿಹಾಸಕ್ಕೆ ಅತಿಥಿ ಉಪನ್ಯಾಸಕಿಯಾಗಿ ಬಂದವಳು. ಕೋಣೆ ಕೊಡಿಸಿದವಳು ನಾನೇ. ಅವಳ ಕೂದಲು ಕಿವಿಯ ಕೆಳಗೆ ಒಂದು ಬೆರಳು ಬಂದರೆ ಹೆಚ್ಚು. ಸ್ಕೂಟಿ ತಂದಿದ್ದಳು. ಅತ್ತೆ ಅವಳನ್ನು ಮೆಟ್ಟಿಲಿನಿಂದಲೇ ವಾಪಸ್ ಕಳಿಸುತ್ತಾರೆಂದು ನಾನು ಒಳಗೊಳಗೇ ಕಾದಿದ್ದೆ. ಅತ್ತೆ ಅವಳನ್ನು ಮೇಲಿನಿಂದ ಕೆಳಗೆ ನೋಡಿ, ತಲಿ ಭಾಳ ಹಗರ ಆಗಿರಬೇಕಲ್ಲವ್ವಾ ನಿನಗ ಎಂದರು. ಮೇಘನಾ, ಹೌದು ಅಜ್ಜಿ, ಎಣ್ಣೆ ಖರ್ಚೂ ಕಡಿಮೆ ಎಂದಳು. ಅತ್ತೆ ನಕ್ಕರು. ನಾನು ಮನೆ ತುಂಬಿದ ಮೊದಲ ವರ್ಷ ಪೂರ್ತಿ ಆ ನಗು ಹೇಗಿರುತ್ತದೆಂದೇ ನನಗೆ ಗೊತ್ತಿರಲಿಲ್ಲ. ಇವಳು ಇನ್ನೂ ಚಪ್ಪಲಿ ಬಿಟ್ಟಿರಲಿಲ್ಲ.

ಇನ್ನು ಕಾಲೇಜಿನ ಕಥೆ. ಬಿ.ಎ. ಕೊನೆಯ ವರ್ಷಕ್ಕೆ ಅಮೆರಿಕದ ಇತಿಹಾಸ ಎಂಬ ಪತ್ರಿಕೆಯೊಂದಿತ್ತು. ಅದು ನನ್ನದು. ಯಾರೂ ಕಸಿದುಕೊಳ್ಳಲು ಬಂದಿರಲಿಲ್ಲ, ಯಾಕೆಂದರೆ ಯಾರಿಗೂ ಬೇಕಿರಲಿಲ್ಲ. ಅದರಲ್ಲಿ ನನಗೆ ಪ್ರೀತಿಯ ಅಧ್ಯಾಯ ಒಂದೇ: ಮೊದಲ ಮಹಾಯುದ್ಧ ಮುಗಿದ ಮೇಲೆ ಆ ದೇಶದಲ್ಲಿ ಹಳತಿಗೂ ಹೊಸತಿಗೂ ಹತ್ತಿಕೊಂಡ ಜಗಳ. ಯುದ್ಧದಲ್ಲಿ ಕಾರ್ಖಾನೆಗೆ ಹೋಗಿ ದುಡಿದ ಹೆಣ್ಣುಮಕ್ಕಳು ಮತ್ತೆ ಒಲೆಯ ಮುಂದೆ ಕೂರಲು ಒಪ್ಪಲಿಲ್ಲ. ಮತ ಹಾಕಿದರು. ಕೂದಲು ಕತ್ತರಿಸಿಕೊಂಡರು, ಲಂಗ ಮೊಳಕಾಲಿಗೆ ಏರಿತು, ಕಾರು ಹೊಡೆದರು, ಹೊಸ ವಾದ್ಯಗಳಿಗೆ ಕುಣಿದರು. ಹಳ್ಳಿಯ ಹಿರಿಯರೂ ಚರ್ಚಿನ ಪಾದ್ರಿಗಳೂ ಲೋಕ ಮುಳುಗಿತು ಎಂದರು. ಹೆಂಡ ನಿಲ್ಲಿಸಿದರು, ಕದ್ದು ಕುಡಿಯುವವರು ಹೆಚ್ಚಾದರು. ಮಂಗನಿಂದ ಮನುಷ್ಯ ಬಂದ ಎಂದು ಪಾಠ ಹೇಳಿದ ಮೇಷ್ಟ್ರನ್ನು ಕೋರ್ಟಿಗೆ ಎಳೆದರು. ನಾನು ಇದನ್ನೆಲ್ಲ ಕಾರಣಗಳು, ಲಕ್ಷಣಗಳು, ಪರಿಣಾಮಗಳು ಎಂದು ಭಾಗ ಮಾಡಿ, ನಿಧಾನಕ್ಕೆ ಹೇಳಿ ಬರೆಸುತ್ತಿದ್ದೆ. ಆಮೇಲೆ ಬಸ್ಸು ಹತ್ತಿ, ಇಳಕಲ್ಲಿನಲ್ಲಿ ಇಳಿದು, ಸೆರಗು ತಲೆಯ ಮೇಲೆ ಎಳೆದುಕೊಂಡು ಮನೆಗೆ ಬರುತ್ತಿದ್ದೆ. ಅದರಲ್ಲಿ ನಗುವಂಥದ್ದೇನಿದೆ ಎಂದು ನನಗೆ ಒಮ್ಮೆಯೂ ಹೊಳೆದಿರಲಿಲ್ಲ.

ಆ ವರ್ಷ ಪ್ರಿನ್ಸಿಪಾಲರು ನನ್ನನ್ನು ಕರೆದು, ಮೇಡಂ ನಿಮಗೂ ಹೊರೆ ಜಾಸ್ತಿ ಆಗೇತಿ, ಅಮೆರಿಕಾ ಆ ಹುಡುಗಿಗೆ ಕೊಟ್ಟುಬಿಡೋಣು ಎಂದರು. ಹೊರೆಯಂತೆ. ಹೊತ್ತವಳಿಗೆ ಗೊತ್ತಿಲ್ಲದ ಹೊರೆ. ಆಗಲಿ ಸರ್ ಎಂದು ಬಂದು ಸ್ಟಾಫ್ ರೂಮಿನಲ್ಲಿ ಕೂತೆ. ಬುತ್ತಿಯ ಡಬ್ಬಿಯನ್ನು ತೆರೆಯದೆ ಹಾಗೇ ಮನೆಗೆ ತಂದೆ.

ಮೇಘನಾ ಬರೆಸಲಿಲ್ಲ. ತರಗತಿಯನ್ನು ಎರಡು ಪಾಲು ಮಾಡಿ, ಅರ್ಧ ಮಂದಿ ಅಮೆರಿಕದ ಹಳ್ಳಿಯ ಹಿರಿಯರು, ಅರ್ಧ ಮಂದಿ ಕೂದಲು ಕತ್ತರಿಸಿಕೊಂಡ ಹುಡುಗಿಯರು, ಜಗಳಾಡಿ ಎಂದು ಬಿಟ್ಟಳು. ನಾನು ವರಾಂಡದಲ್ಲಿ ನೀರು ಕುಡಿಯುವ ನೆವ ಮಾಡಿ ನಿಂತು ಕೇಳಿದೆ. ಶಿರೂರಿನ ಒಬ್ಬ ಹುಡುಗ, ನನ್ನ ತರಗತಿಯಲ್ಲಿ ಹಾಜರಿ ಬಿಟ್ಟು ಬೇರೆ ಮಾತಿಗೆ ಬಾಯಿ ತೆರೆಯದವನು, ಎದ್ದು ನಿಂತು ಟವಲು ಹೆಗಲಿಗೆ ಹಾಕಿಕೊಂಡು, ಯುದ್ಧಕ್ಕ ಹೋಗಿ ಬಂದ ಹುಡುಗ್ರು ಆಗಲೇ ನಮ್ಮ ಮಾತ ಕೇಳವೊಲ್ರು, ಇನ್ನ ಹುಡುಗೀರೂ ಕೈಬಿಟ್ಟು ಹೋದ್ರ ಮನಿ ಹಿಡಿಯೂರು ಯಾರು ಎಂದು ಗುಡುಗಿದ. ಹುಡುಗಿಯರ ಕಡೆಯಿಂದ ಒಬ್ಬಳು, ನೀವ ಹಿಡೀರಿ, ಕೈ ಇಲ್ಲೇನು ಎಂದಳು. ಇಡೀ ತರಗತಿ ಬೆಂಚು ಬಡಿಯಿತು. ಬೆಲ್ಲು ಹೊಡೆದರೂ ಯಾರೂ ಏಳಲಿಲ್ಲ. ನನ್ನ ತರಗತಿಯಲ್ಲಿ ಬೆಲ್ಲಿಗೆ ಮೊದಲೇ ಪುಸ್ತಕ ಮುಚ್ಚುವ ಸದ್ದು ಕೇಳುತ್ತಿತ್ತು. ನನ್ನ ಅಧ್ಯಾಯ, ನನ್ನ ಮಕ್ಕಳು, ಖುಷಿ ಮಾತ್ರ ಅವಳದು. ಕುಡಿದ ನೀರು ಕಹಿಯಾಗಿತ್ತು ಅಂದರೆ ನಂಬಬೇಕು.

ಮನೆಯಲ್ಲಿ ಇನ್ನೊಂದು ಬಗೆ. ಶ್ರಾವಣದ ಒಂದು ಸೋಮವಾರ ಅತ್ತೆಗೆ ಕೂಡಲಸಂಗಮಕ್ಕೆ ಹೋಗಬೇಕೆನಿಸಿತು. ಪ್ರತಿ ವರ್ಷ ನಾನೇ ಬಸ್ಸಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಅತ್ತೆ ಕಿಟಕಿಗೆ ಕೂತು, ಬಸ್ಸು ಕುಲುಕಿದ್ದಕ್ಕೂ ನನ್ನನ್ನೇ ಬೈಯುತ್ತ ಬರುತ್ತಿದ್ದರು. ಆ ಸೋಮವಾರ ನಾನು ಬುತ್ತಿ ಕಟ್ಟಿ ಹೊರಗೆ ಬರುವಷ್ಟರಲ್ಲಿ ಅತ್ತೆ ಮೇಘನಾಳ ಸ್ಕೂಟಿಯ ಹಿಂದೆ ಒಂದೇ ಕಡೆ ಕಾಲು ಇಳಿಬಿಟ್ಟು ಕೂತಿದ್ದರು. ಒಂದು ಕೈಯಲ್ಲಿ ಆ ಹುಡುಗಿಯ ಹೆಗಲು, ಇನ್ನೊಂದು ಕೈಯಲ್ಲಿ ತಲೆಯ ಮೇಲಿನ ಸೆರಗು. ಬುತ್ತಿ ಇಲ್ಲಿ ಕೊಡು, ನೀ ಬಸ್ಸಿಗೆ ಬಾ ಎಂದರು. ಗಾಡಿ ಓಣಿ ದಾಟಿತು. ಮಂದಿ ಏನಂದರು ಗೊತ್ತೇ? ಮಂದಿ ಕೈಬೀಸಿದರು. ನಾನು ಬಸ್ಸಿಗೆ ಹೋಗಲಿಲ್ಲ. ಒಳಗೆ ಹೋಗಿ, ನೆನೆಸಿಡದ ಬಟ್ಟೆಯನ್ನೆಲ್ಲ ನೆನೆಸಿ ಕಲ್ಲಿಗೆ ಬಡಿದೆ. ಸಂಜೆ ಬಂದ ಅತ್ತೆ, ನದಿಯ ಗಾಳಿ ಹೇಗಿತ್ತು, ಗಾಡಿಯ ಮೇಲೆ ಹೊಲಗಳು ಹೇಗೆ ಹಿಂದೆ ಓಡುತ್ತವೆ ಎಂದು ಪ್ರಸಾದ ಹಂಚುತ್ತ ಹೇಳಿದ್ದೇ ಹೇಳಿದ್ದು.

ಹೇಳಿಕೊಳ್ಳಲು ಗಂಡನ ಹತ್ತಿರ ಹೋದರೆ, ಹಿತ್ತಲ ಗಿಡ ಮದ್ದಲ್ಲ ತಗೋ ಎಂದು ಪೇಪರು ಮಡಿಚಿದರು. ಹಿತ್ತಲ ಗಿಡ ಎನ್ನುವುದು ಸರಿಯೇ. ಆದರೆ ಆ ಗಿಡಕ್ಕೂ ಒಂದು ಹೊಟ್ಟೆ ಇರುತ್ತದೆ, ಅದೂ ಉರಿಯುತ್ತದೆ.

ಮೇಘನಾ ಬರುವ ಮೊದಲೇ, ಆ ಬೇಸಿಗೆಯಲ್ಲಿ, ನೀಲವ್ವ ತೀರಿಕೊಂಡಿದ್ದರು. ಅಂದಿನಿಂದ ಅತ್ತೆಯ ಎದುರಿನ ಮಣೆ ಖಾಲಿ. ಅತ್ತೆಗೂ ಕಣ್ಣು ಮಂಜಾಗುತ್ತಿತ್ತು. ದಸರೆಯ ಹೊತ್ತಿಗೆ ಒಂದು ಸೀರೆ ನೇಯ್ದು ಇಳಿಸಿ ಮಗ್ಗಕ್ಕೆ ಕೈಮುಗಿಯುತ್ತೇನೆ, ಆಮೇಲೆ ಮುಟ್ಟುವುದಿಲ್ಲ ಎಂದು ಮನೆಯಲ್ಲಿ ಎಲ್ಲರಿಗೂ ಹೇಳಿಬಿಟ್ಟರು. ಕಡೆಯ ಸೀರೆ, ಎದುರಿಗೆ ಜೊತೆ ಇಲ್ಲ. ಬಾಗಿಲು ಕಡೆಗೂ ನನಗೆ ತೆರೆಯಿತು ಎಂದುಕೊಂಡೆ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುವುದು ಸುಳ್ಳೇ? ಹಾಸು ಸಿದ್ಧವಾದ ದಿನ ಕಾಲೇಜಿಗೆ ರಜೆ ಹಾಕಿದೆ. ಯಾಕೆಂದು ಯಾರಿಗೂ ಹೇಳಲಿಲ್ಲ. ತಲೆ ಸ್ನಾನ ಮಾಡಿ, ಹಳೆಯ ಮೆತ್ತಗಿನ ಸೀರೆ ಉಟ್ಟು, ಬಳೆ ತೊಡಕಾಗಬಾರದೆಂದು ಎರಡೇ ಬಳೆ ಉಳಿಸಿಕೊಂಡು, ಅಡಿಗೆಮನೆಯ ಬಾಗಿಲಲ್ಲಿ ಕಾದೆ. ಹಿಂದಿನ ಕೋಣೆಯಲ್ಲಿ ಎರಡು ಮಣೆ ಎಳೆದ ಸದ್ದಾಯಿತು. ಕೈ ಒರೆಸಿಕೊಂಡು ಒಂದು ಹೆಜ್ಜೆ ಮುಂದಿಟ್ಟೆ.

ಅತ್ತೆ ಅಂಗಳಕ್ಕೆ ಬಂದು ಮಾಳಿಗೆಯ ಕಡೆ ಮುಖ ಎತ್ತಿದರು.

“ಮೇಘನಾ, ಕೆಳಗ ಬಾರವ್ವಾ. ನಿನ್ನ ಕಣ್ಣು ಚಲೋ ಅದಾವು.”

ಆ ಹುಡುಗಿ ಎರಡೆರಡು ಮೆಟ್ಟಿಲು ಇಳಿದು ಬಂದಳು. ನನ್ನನ್ನು ನೋಡಿ, ಮೇಡಂ ನೀವು ಕೂತ್ಕೊಳ್ಳೋದಿಲ್ವಾ ಎಂದಳು. ಅವಳ ತಪ್ಪೇನಿರಲಿಲ್ಲ. ತಪ್ಪಿದ್ದರೆ ನನಗೆ ಎಷ್ಟೋ ಸುಖವಾಗುತ್ತಿತ್ತು. ಒಲೆ ಮೇಲೆ ಹಾಲಿದೆ ಎಂದೆ.

ಎರಡು ದಿನ ಹಿಡಿಯಿತು ಆ ಕೆಲಸ. ನಾನು ಎರಡೂ ದಿನ ಬಾಗಿಲ ಮುಂದೆ ಓಡಾಡಿದೆ. ಮೊದಲು ಅವಳು ಎಳೆ ತಪ್ಪಿಸಿದಳು, ಅತ್ತೆ ಬೈಯಲಿಲ್ಲ. ಕೈಯ ಮೇಲೆ ಕೈಯಿಟ್ಟು ಹೀಂಗ ಎಂದರು. ಕಪ್ಪು ಎಳೆಯ ಕುಣಿಕೆಯೊಳಗೆ ಕೆಂಪು ಎಳೆ ಹೋಗಿ ಬಿಗಿಯುವುದನ್ನು ನಾನು ಅಷ್ಟು ದೂರದಿಂದಲೂ ಕಾಣಬಲ್ಲವಳಾಗಿದ್ದೆ. ನನ್ನ ಕಣ್ಣೂ ಚಲೋ ಇದ್ದವು. ಆಗ ನೆನಪಾದದ್ದು, ನಾನೇ ಬರೆಸುತ್ತಿದ್ದ ಇನ್ನೊಂದು ಸಾಲು. ಯುದ್ಧ ಮುಗಿದ ಆ ಅಮೆರಿಕದಲ್ಲಿ, ಕಾರು ಮಾಡಿ ಹಳ್ಳಿಗಳನ್ನು ಬರಿದು ಮಾಡಿದ ಮಂದಿಯೇ ಹಳೆಯ ರಾಟೆ, ಹಳೆಯ ಬಂಡಿ, ಅಜ್ಜಿಯರು ಹೊಲಿದ ಕೌದಿಗಳನ್ನು ಹುಡುಕಿ ಹುಡುಕಿ ಕೂಡಿಹಾಕಿದರು. ಹಳ್ಳಿಯ ಹಳೇ ಕುಣಿತವನ್ನು ಶಹರಿನಲ್ಲಿ ಕಲಿಸಿದರು. ಬಿಟ್ಟುಹೋದವರಿಗೆ ಹಳತಿನ ಮೇಲೆ ಪ್ರೀತಿ ಉಕ್ಕುತ್ತದೆ, ಹಳತೂ ಅವರಿಗೇ ಕೈಚಾಚುತ್ತದೆ. ಕೂದಲು ಕತ್ತರಿಸಿಕೊಂಡವಳಿಗೆ ಗಾಡಿಯೂ ಸಿಕ್ಕಿತು, ಕೊಂಡಿಯೂ ಸಿಕ್ಕಿತು. ಕೂದಲು ಉಳಿಸಿಕೊಂಡು ಸೆರಗು ಹೊದ್ದವಳಿಗೆ? ಹಾಲು ಕಾಯಿಸುವುದು.

ಆಮೇಲೆ ನಾನು ಅತ್ತೆಯೊಂದಿಗೆ ಮಾತು ಕಡಿಮೆ ಮಾಡಿದೆ. ಊಟ ಬಡಿಸುವುದು, ಔಷಧಿ ಕೊಡುವುದು, ಅಷ್ಟೇ. ಅಡಿಗೆಮನೆಯಲ್ಲಿ ನನ್ನ ಸದ್ದು ಹೆಚ್ಚಾಯಿತು. ಇದೇನು, ರೊಟ್ಟಿ ಬಡಿಯೂದು ಬೀರಪ್ಪನ ಗುಡಿ ಡೊಳ್ಳು ಕೇಳಿದಂಗ ಕೇಳಾಕ ಹತ್ತೇತಿ ಎಂದು ಗಂಡ ಕೀಟಲೆ ಮಾಡಿದರು.  ಅತ್ತೆ ಒಮ್ಮೆ ರೊಟ್ಟಿ ಮುರಿಯುತ್ತ, ತೆಳ್ಳಗ ಬರಾಕತ್ತಾವು, ಚಲೋ ಆತು ಎಂದರು. ನನಗೆ ಅಳು ಬಂತು, ಸಿಟ್ಟಿಗೆ.

ಸೀರೆ ಮಗ್ಗದಿಂದ ಇಳಿಯಿತು. ಕಪ್ಪು ಮೈ, ಕೆಂಪು ಸೆರಗು, ಸೆರಗಿನ ಮೇಲೆ ಬಿಳಿ ತೆನೆ. ಅತ್ತೆ ಅದನ್ನು ಮಡಿಸಿ ಟ್ರಂಕಿನಲ್ಲಿಟ್ಟರು. ಚಳಿಗಾಲದಲ್ಲಿ ಮೇಘನಾ ಹುಡುಗರನ್ನು ಬಾದಾಮಿಗೆ ಕರೆದೊಯ್ದಳು, ಫೋನಿನಲ್ಲಿ ಫೋಟೋ ತಂದು ಅತ್ತೆಗೆ ಒಂದೊಂದೇ ತೋರಿಸಿದಳು. ವರ್ಷದ ಕೊನೆಗೆ ಅವಳ ಅವಧಿ ಮುಗಿಯಿತು, ಮುಂದುವರಿಸಲಿಲ್ಲ. ಹೊರಡುವ ದಿನ ಅತ್ತೆ ಟ್ರಂಕು ತೆಗೆದು ಆ ಸೀರೆಯನ್ನು ಅವಳ ಮಡಿಲಿಗೆ ಹಾಕಿ, ಹಣೆಗೆ ಕುಂಕುಮ ಹಚ್ಚಿದರು. ನಾನು ಅದನ್ನು ನೋಡಿದೆ. ಕಣ್ಣು ಮುಚ್ಚಿಕೊಳ್ಳಲಿಲ್ಲ. ಮೇಘನಾ ನನ್ನ ಕಾಲಿಗೆರಗಿದಳು, ನಿಮ್ಮಿಂದ ಎಷ್ಟು ಕಲಿತೆ ಮೇಡಂ ಎಂದಳು. ಒಳ್ಳೆಯ ಹುಡುಗಿ. ಈಗಲೂ ಹಬ್ಬಕ್ಕೆ ಮೆಸೇಜು ಮಾಡುತ್ತಾಳೆ. ಹೋದ ಯುಗಾದಿಗೆ ಅದೇ ಸೀರೆ ಉಟ್ಟ ಫೋಟೋ ಕಳಿಸಿದ್ದಳು. ಕೂದಲು ಇನ್ನೂ ಗಿಡ್ಡ. ಚೆಂದ ಕಾಣುತ್ತಿದ್ದಳು, ಅದಕ್ಕೇ ಸಂಜೆವರೆಗೆ ಉತ್ತರ ಕಳಿಸಲಿಲ್ಲ.

ಅವಳು ಹೋದ ಮೇಲೆ ಮನೆಯಲ್ಲಿ ಬಿಸಿಲೊಂದೇ ಉಳಿಯಿತು. ಇಳಕಲ್ಲಿನ ಏಪ್ರಿಲ್ ಗೊತ್ತಲ್ಲ, ಕೆಂಪು ಕಲ್ಲು ಹಗಲೆಲ್ಲ ಕಾದು ಸಂಜೆ ಅದನ್ನೇ ನಮ್ಮ ಮೇಲೆ ಉಗುಳುತ್ತದೆ. ಒಂದು ಭಾನುವಾರ ಮಧ್ಯಾಹ್ನ ಕರೆಂಟು ಹೋಗಿತ್ತು. ಅತ್ತೆ ನಡುಮನೆಯಲ್ಲಿ ಬೀಸಣಿಕೆ ಹಿಡಿದು ಕೂತಿದ್ದರು. ನಾನು ಒಂದು ಮೂಲೆಯಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದೆ, ಮೇಘನಾ ಹೋದದ್ದರಿಂದ ಅಮೆರಿಕದ ಕಟ್ಟು ಮತ್ತೆ ನನಗೇ ಬಂದಿತ್ತು. ಅತ್ತೆ ಇದ್ದಕ್ಕಿದ್ದಂತೆ ಕೇಳಿದರು, ಆ ಹುಡುಗಿ ಕಾಲೇಜಿನಾಗ ಅದೇನೋ ಜಗಳಾ ಹಚ್ಚತಿದ್ದಳಂತಲ್ಲ, ಏನದು? ಇಷ್ಟು ವರ್ಷದಲ್ಲಿ ನಾನು ಏನು ಕಲಿಸುತ್ತೇನೆಂದು ಅವರು ಕೇಳಿದವರಲ್ಲ. ಈಗಲೂ ಕೇಳಿದ್ದು ಆಕೆ ಕಲಿಸಿದ್ದನ್ನು. ಆದರೂ ಅಧ್ಯಾಯ ನನ್ನದಲ್ಲವೇ, ಬಿಟ್ಟುಕೊಡಲು ಮನಸ್ಸಾಗಲಿಲ್ಲ. ಹೇಳಿದೆ. ಯುದ್ಧ, ಕಾರ್ಖಾನೆ, ಕೂದಲು, ಲಂಗ, ಕಾರು, ಎಲ್ಲ. ಅತ್ತೆ ಬೀಸಣಿಕೆ ನಿಲ್ಲಿಸಿ ಕೇಳಿದರು. ಆ ಹುಡುಗೇರಿಗೆ ಮನ್ಯಾಗ ಬೈಲಿಲ್ಲೇನು ಎಂದರು.

ಬೈದರು, ಹಿರೇರು ಬೈದರು, ಪಾದ್ರಿಗಳು ಬೈದರು, ಧರ್ಮ ಹಾಳಾತು, ಮನಿತನ ಹಾಳಾತು ಅಂತ ಪೇಪರಿನಾಗೂ ಬರದರು ಎಂದೆ.

“ಗಂಡಸರ ಸುದ್ದಿ ಬಿಡು. ಅವ್ರ ಅತ್ತಿಗೋಳು?”

“ಅವ್ರೂ ಬೈದಿರಬೇಕ್ರಿ. ಧರ್ಮಕ್ಕ ಅಂಜಿ.”

ಅತ್ತೆ ಬೀಸಣಿಕೆಯನ್ನು ತೊಡೆಯ ಮೇಲಿಟ್ಟರು.

“ಧರ್ಮಕ್ಕಲ್ಲ ಬೇ, ಹೊಟ್ಟಿಕಿಚ್ಚಿಗೆ. ನಾ ನಿನಗ ಬೈದಂಗ.”

ನನ್ನ ಕೈಯಲ್ಲಿದ್ದ ಕೆಂಪು ಪೆನ್ನು ಅಲ್ಲೇ ನಿಂತಿತು. ಅತ್ತೆ ನನ್ನ ಮುಖ ನೋಡಲಿಲ್ಲ, ಬಾಗಿಲ ಕಡೆ ನೋಡುತ್ತ ಹೇಳುತ್ತ ಹೋದರು. ಬೆಳಿಗ್ಗೆ ನಾನು ತಲೆ ಬಾಚಿ, ಹೆಗಲಿಗೆ ಚೀಲ ಹಾಕಿಕೊಂಡು ಹೊಸಿಲು ದಾಟುವಾಗ ಅವರು ಹಾಸಿನ ಮುಂದೆ ಕೂತಿರುತ್ತಿದ್ದರಂತೆ. ನನ್ನ ಚಪ್ಪಲಿಯ ಸಪ್ಪಳ ಓಣಿ ದಾಟುವ ತನಕ ಅವರ ಕೈ ಓಡುತ್ತಿರಲಿಲ್ಲವಂತೆ. ಇಡೀ ದಿನ ಈಗ ಹುನಗುಂದ ಮುಟ್ಟಿರಬೇಕು, ಈಗ ಹುಡುಗರು ಎದ್ದು ನಿಂತು ನಮಸ್ಕಾರ ಮಾಡಿರಬೇಕು ಎಂದು ಅದೇ ಯೋಚನೆಯಂತೆ. ಸಂಜೆ ಓಣಿಯ ತಿರುವಿನಲ್ಲಿ ನನ್ನ ತಲೆಯ ಮೇಲೆ ಸೆರಗು ಕಂಡಾಗ ಮಾತ್ರ, ಹಾಂ, ಇಷ್ಟಾದರೂ ನನ್ನ ಮಾತಿನಾಗ ಅದಾಳ ಎಂದು ಜೀವ ತಣ್ಣಗಾಗುತ್ತಿತ್ತಂತೆ. ಇಪ್ಪತ್ತು ವರ್ಷ ನಾನು ಸಂಪ್ರದಾಯ ಎಂದುಕೊಂಡು ಹೊದ್ದ ಸೆರಗು ಅದು.

ಮತ್ತ ಕೊಂಡಿ ಯಾಕ ಕಲಿಸಲಿಲ್ರಿ ಎಂದು ಕೇಳಿದೆ. 

“ನಿನಗ ಎಲ್ಲಾ ಇತ್ತು. ನಂದು ಅಂತ ಅದೊಂದ ಇತ್ತು. ಅದನ್ನೂ ನಿನ್ನ ಉಡ್ಯಾಗ ಹಾಕಿ ನಾ ಏನ ಹಿಡಕೊಂಡು ಕುಂಡ್ರಬೇಕಿತ್ತು?”

ಮತ್ತ ಮೇಘನಾಗ ಯಾಕ ಕಲಿಸಿದ್ರಿ ಎಂದೆ. ಆಕಿ ಹೋಗಾಕಿ ಎಂದರು. ಹೋಗೂರಿಗೆ ಕೊಟ್ರ ನಮ್ಮದು ಕಡಿಮಿ ಆಗೂದಿಲ್ಲ.

ನನಗೆ ಸಿಟ್ಟು ಬರಬೇಕಿತ್ತು. ಬಂದದ್ದು ಸಿಟ್ಟಲ್ಲ. ನನ್ನ ಮೇಲೂ ಒಬ್ಬರು ಉರಿದಿದ್ದರು, ಅದೂ ಇದೇ ಮನೆಯಲ್ಲಿ, ಇಷ್ಟು ವರ್ಷ. ಹೇಳುವುದಕ್ಕೆ ನಾಚಿಕೆ, ಆದರೆ ಆ ಮಾತು ಕೇಳಿ ನನ್ನ ಬೆನ್ನು ನೆಟ್ಟಗಾಯಿತು. ಧೈರ್ಯ ಬಂದು ಇನ್ನೊಂದು ಕೇಳಿದೆ, ಮಗ್ಗ ನಿಲ್ಲಿಸಿದ್ದಾಯಿತು, ಇನ್ನೇನು ಕಡಿಮೆಯಾಗುವುದಿದೆ, ಈಗಾದರೂ ಕಲಿಸುತ್ತೀರಾ ಎಂದು. ಅತ್ತೆ ಹಿಂದಿನ ಕೋಣೆಯ ಕಡೆ ನೋಡಿದರು. 

“ಇಲ್ಲವ್ವಾ. ಆಗೂದಿಲ್ಲ.”

ಹಾಗೆಂದು ಬೀಸಣಿಕೆ ಎತ್ತಿಕೊಂಡರು. ಆಮೇಲೆ ಒಂದೆರಡು ಸಲ ಬೀಸಿ, ತಮ್ಮ ಕಡೆ ಬೀಸುತ್ತಿದ್ದದ್ದನ್ನು ಸ್ವಲ್ಪ ನನ್ನ ಕಡೆಗೂ ತಿರುಗಿಸಿದರು. ನಾನು ಉತ್ತರಪತ್ರಿಕೆ ತಿದ್ದತೊಡಗಿದೆ. ಸಂಪ್ರದಾಯ ಮತ್ತು ಆಧುನಿಕತೆಯ ಘರ್ಷಣೆಗೆ ಕಾರಣಗಳನ್ನು ಬರೆಯಿರಿ ಎಂಬ ಪ್ರಶ್ನೆಗೆ ಎಲ್ಲರೂ ಒಂದೇ ತರಹ ಬರೆದಿದ್ದರು. ಶಹರು, ಹಳ್ಳಿ, ಯಂತ್ರ, ಧರ್ಮ. ಎಲ್ಲರಿಗೂ ಪೂರ್ತಿ ಅಂಕ ಹಾಕಿದೆ, ಪಾಪ, ಅವರಿಗೇನು ಗೊತ್ತು.

ಮರುದಿನ ಬೆಳಿಗ್ಗೆ ನಾನು ಕಾಲೇಜಿಗೆ ಹೊರಟಾಗ ಗೂಟದಲ್ಲಿ ಚೀಲ ಇರಲಿಲ್ಲ. ಹೊರಗೆ ಬಂದರೆ ಅತ್ತೆ ಕಟ್ಟೆಯ ಹತ್ತಿರ ನಿಂತಿದ್ದರು. ಒಗೆದ ಸೀರೆ, ತಲೆಯ ಮೇಲೆ ಸೆರಗು, ಹೆಗಲಲ್ಲಿ ನನ್ನ ಚೀಲ. ಬಸ್ ಸ್ಟ್ಯಾಂಡ ತನಕ ಬರ್ತೇನಿ ನಡಿ ಎಂದರು. ಚೀಲ ಭಾರ ಐತ್ರಿ, ಪೇಪರ ಅದಾವು, ಇತ್ತ ಕೊಡ್ರಿ ಅಂದೆ. ಕೊಡಲಿಲ್ಲ. ಪಟ್ಟಿಯನ್ನು ಇನ್ನಷ್ಟು ಕುತ್ತಿಗೆಯ ಹತ್ತಿರ ಸರಿಸಿಕೊಂಡು ಮುಂದೆ ನಡೆದೇಬಿಟ್ಟರು.

ಓಣಿಯಲ್ಲಿ ಒಬ್ಬರು ಹಾಸು ಬಿಗಿಯುತ್ತಿದ್ದರು. ತಲೆ ಎತ್ತಿ ನೋಡಿ, ಆಯಿ, ಚೀಲಾ ಹಾಕ್ಕೊಂಡು ಎಲ್ಲಿಗೆ ಹೊಂಟ್ರಿ ಎಂದು ಕೇಳಿದರು.

“ಕಾಲೇಜಿಗೆ” ಎಂದರು ಅತ್ತೆ.

ನಗಲಿಲ್ಲ, ತಿರುಗಿಯೂ ನೋಡಲಿಲ್ಲ, ಬೆನ್ನು ನೆಟ್ಟಗೆ ಮಾಡಿಕೊಂಡು ಹೋದರು. ಕೇಳಿದವರು ಕೈಯಲ್ಲಿದ್ದ ಹಗ್ಗ ಬಿಟ್ಟು ಎದ್ದು ನಿಂತರು. ನಾನು ಬರಿಗೈಯಲ್ಲಿ ಹಿಂದೆ ಹಿಂದೆ ನಡೆಯುತ್ತಿದ್ದೆ. ಯಾರೂ ನನ್ನನ್ನು ಏನೂ ಕೇಳಲಿಲ್ಲ. ಚೀಲ ಅವರ ಹೆಗಲಿಗೆ ನನ್ನ ಹೆಗಲಿಗಿಂತ ಚೆಂದ ಕೂತಿತ್ತು. ಬಸ್ ಸ್ಟ್ಯಾಂಡು ಬೇಗ ಬರಲಿ, ನನ್ನ ಚೀಲ ನನಗೆ ವಾಪಸ್ ಸಿಗಲಿ ಎಂದು ಹೊಟ್ಟೆ ಉರಿದುಕೊಂಡು ನಾನು ಜೋರಾಗಿ ಹೆಜ್ಜೆ ಹಾಕಿದೆ.